ಸರ್ಕಾರಿ ಶಾಲೆಗೆ ಸೇರಿಸುವ ಮುನ್ನ ಪೋಷಕರು ನೋಡಬೇಕಾದದ್ದು

ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಬರುವ ಪೋಷಕರು ಕೇಳುವುದುಂಟು: ಬೆಂಗಳೂರಿನ ಸರ್ಕಾರಿ ಶಾಲೆಗಳು ಹೇಗಿವೆ?

ಇದಕ್ಕೆ ಒಂದೇ ಉತ್ತರವಿಲ್ಲ. ನಗರದ ಶಾಲೆಗಳು ಬೆಂಗಳೂರು ಉತ್ತರ, ಬೆಂಗಳೂರು ದಕ್ಷಿಣ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಿಗೆ ಸೇರಿವೆ. ಒಂದೇ ವಲಯದ ಎರಡು ಶಾಲೆಗಳೂ ಒಂದೇ ರೀತಿ ಇರುವುದಿಲ್ಲ. ಜಿಲ್ಲೆಯ ಫಲಿತಾಂಶ ನೋಡಿ ತೀರ್ಮಾನಿಸದೆ ಶಾಲೆಗೇ ಹೋಗಿ ನೋಡಿ.

ಮೊದಲನೆಯದು, ಶಿಕ್ಷಕರು. ಶಿಕ್ಷಣ ಹಕ್ಕು ಕಾಯ್ದೆ, 2009ರ ಪ್ರಕಾರ 1ರಿಂದ 5ನೇ ತರಗತಿವರೆಗೆ 30 ಮಕ್ಕಳಿಗೆ, 6ರಿಂದ 8ರವರೆಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು. ಗಣಿತ, ವಿಜ್ಞಾನಕ್ಕೆ ಯಾರಿದ್ದಾರೆಂದು ಬೇರೆಯಾಗಿ ಕೇಳಿ. ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಸಂಖ್ಯೆ ಇದೆ. ಶಿಕ್ಷಕರು, ಕೊಠಡಿ, ಶೌಚಾಲಯದ ವಿವರ ಅದರಿಂದ ಅಂತರ್ಜಾಲದಲ್ಲಿ ಸಿಗುತ್ತದೆ. ಆದರೆ ಶೌಚಾಲಯದಲ್ಲಿ ಇಂದು ನೀರು ಬರುತ್ತಿದೆಯೇ ಎಂಬುದನ್ನು ಕಣ್ಣಾರೆ ನೋಡಿಯೇ ತಿಳಿಯಬೇಕು.

ಎರಡನೆಯದು, ಮುಂದಿನ ದಾರಿ. ಹಲವು ಹಿರಿಯ ಪ್ರಾಥಮಿಕ ಶಾಲೆಗಳು 7ನೇ ತರಗತಿಗೆ ಮುಗಿಯುತ್ತವೆ. ಅದೇ ಮಾಧ್ಯಮದ ಪ್ರೌಢಶಾಲೆ ಹತ್ತಿರದಲ್ಲಿದೆಯೇ? ಉರ್ದು ಮಾಧ್ಯಮದ ಪ್ರೌಢಶಾಲೆ ಎಲ್ಲ ಕಡೆ ಇಲ್ಲ. ಹೆಣ್ಣುಮಗಳ ಓದು ಅರ್ಧಕ್ಕೆ ನಿಲ್ಲುವ ಅಪಾಯ ಇಲ್ಲಿಯೇ ಇದೆ. ಒಂದನೇ ತರಗತಿಗೆ ಸೇರಿಸುವಾಗಲೇ ಯೋಚಿಸಿ.

ಮೂರನೆಯದು, ಎಸ್‌ಡಿಎಂಸಿ. ಕಾಯ್ದೆಯಂತೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಕಳೆದ ಸಭೆ ಯಾವಾಗ ನಡೆಯಿತೆಂದು ವಿಚಾರಿಸಿ. ಸಮಿತಿ ಸುಮ್ಮನಿದ್ದರೆ ಅದಕ್ಕೆ ನೀವೇ ಸೇರಿ.

ಸಾಲ ಮಾಡಿ ಶುಲ್ಕ ಕಟ್ಟುವ ಮುನ್ನ ಒಂದು ಬೆಳಗ್ಗೆ ಹತ್ತಿರದ ಸರ್ಕಾರಿ ಶಾಲೆಗೆ ಹೋಗಿಬನ್ನಿ. ಅಲ್ಲಿ ಓದುವ ಮಕ್ಕಳೂ ನಮ್ಮ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಬಹುದು.