"ಯೂ ಪೀಪಲ್" ಅಂದರೆ ತಪ್ಪೇನು?

ಕಳೆದ ವರ್ಷ ಗಣಪತಿ ಹಬ್ಬದಲ್ಲಿ, ಗೌರಿ ಪೂಜೆಯ ದಿನ, ನಮ್ಮ ಮಗ ತನ್ನ ಆಫೀಸಿನ ನಾಲ್ವರನ್ನು ಊಟಕ್ಕೆ ಕರೆದುಕೊಂಡು ಬಂದ. ಅವನಿರುವುದು ಹಿಂಜವಡಿಯ ಒಂದು ಕಂಪನಿಯಲ್ಲಿ. ಬಂದವರು ಎರಡು ವಾರದ ಕೆಲಸಕ್ಕೆಂದು ಅಮೆರಿಕದಿಂದ ಬಂದಿದ್ದರು. ಪುಣೆಯ ಗಣಪತಿಗಳನ್ನು ನೋಡಬೇಕು, ಹಾಗೆಯೇ ಒಂದು ಮನೆಯ ಊಟವೂ ಆಗಲಿ ಎಂದು ಅವರ ಆಸೆ. ನಾನು ಹೋಳಿಗೆ, ಕಟ್ಟಿನ ಸಾರು, ಕೋಸಂಬರಿ, ಚಿತ್ರಾನ್ನ ಎಲ್ಲ ಮಾಡಿದ್ದೆ. ಧಾರವಾಡದಲ್ಲಿ ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮಾಡಿದವಳು ನಾನು. ಮದುವೆಯಾಗಿ ಪುಣೆಗೆ ಬಂದ ಮೇಲೆ ಆ ಇಂಗ್ಲಿಷು ಬ್ಯಾಂಕಿನ ಫಾರಂ ತುಂಬುವುದಕ್ಕೂ ಮಕ್ಕಳ ಹೋಂವರ್ಕಿಗೂ ಸವೆದುಹೋಗಿತ್ತು. ಅಂದು ಬಹಳ ಉತ್ಸಾಹದಿಂದ ಮಾತಾಡಿದೆ. ಎರಡನೇ ಹೋಳಿಗೆ ಬಡಿಸುತ್ತಾ, "ವಾಟ್ ಡು ಯೂ ಪೀಪಲ್ ಈಟ್ ಅಟ್ ಹೋಮ್?" ಎಂದು ಕೇಳಿದೆ.

ಅಟ್ಲಾಂಟಾದಿಂದ ಬಂದ ಆಫ್ರಿಕನ್ ಅಮೆರಿಕನ್ ಹುಡುಗಿಯೊಬ್ಬಳು ನನ್ನ ಎದುರಿಗೇ ಕೂತಿದ್ದಳು. ಅವಳ ಕೈ ಒಂದು ಕ್ಷಣ ಎಲೆಯ ಮೇಲೆ ನಿಂತಿತು. ಆಮೇಲೆ ನಕ್ಕು ಏನೋ ಉತ್ತರ ಹೇಳಿದಳು. ನಾನು ತುಪ್ಪ ತರಲು ಒಳಗೆ ಹೋದೆ.

ರಾತ್ರಿ ಪಾತ್ರೆ ಒರೆಸುವಾಗ ಮಗ ಅಡಿಗೆಮನೆಗೆ ಬಂದು ನಿಂತ.

"ಅಮ್ಮಾ, ಇನ್ನ ಮ್ಯಾಲೆ ಯಾರ ಮುಂದೂ 'ಯೂ ಪೀಪಲ್' ಅನಬ್ಯಾಡ."

"ಯಾಕೋ? ವ್ಯಾಕರಣದಾಗ ಏನ ತಪ್ಪದ?"

"ವ್ಯಾಕರಣದ ಮಾತಲ್ಲ. ಅಲ್ಲೆ ಅದು ಬೈದಂಗ ಆಗ್ತದ. ನನಗ ನಾಚಿಕಿ ಬಂತು."

ಅವನು ಆಕಳಿಸುತ್ತಾ ಮಲಗಲು ಹೋದ. ನನಗೆ ಮಾತ್ರ ನಿದ್ದೆ ಬರಲಿಲ್ಲ. ಮನೆಗೆ ಬಂದವರಿಗೆ ನೋವಾಯಿತಲ್ಲ ಎಂಬುದು ಒಂದು. ನಾನೇ ಅಕ್ಷರ ತಿದ್ದಿಸಿದ ಮಗ ನನ್ನ ಇಂಗ್ಲಿಷಿಗೆ ನಾಚಿಕೊಂಡ ಎಂಬುದು ಇನ್ನೊಂದು. ಸುಳ್ಳೇಕೆ ಹೇಳಲಿ, ಎರಡನೆಯದೇ ಹೆಚ್ಚು ಚುಚ್ಚಿತು. ಮರುದಿನವೇ ಕಾಲೇಜಿನ ಹಳೆಯ ಪುಸ್ತಕಗಳ ಪೆಟ್ಟಿಗೆ ತೆಗೆದೆ. ಆಮೇಲೆ ಅಲ್ಲಿ ಇಲ್ಲಿ ಓದಿದ್ದೂ ಸೇರಿ ತಿಳಿದದ್ದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಪುಣೆಯಲ್ಲೇ ಹುಟ್ಟಿ ಬೆಳೆದು, ದಿನವೂ ಹೊರದೇಶದವರ ಜೊತೆ ಫೋನಿನಲ್ಲಿ ಮಾತಾಡುವ ಹುಡುಗ ಹುಡುಗಿಯರು ನಮ್ಮ ಸಂಘದಲ್ಲಿ ಎಷ್ಟು ಜನ ಇಲ್ಲ!

ತೊಂದರೆಯ ಬೇರು ಇಂಗ್ಲಿಷಿನಲ್ಲೇ ಇದೆ. ಒಬ್ಬನಿಗೂ ಯೂ, ಹತ್ತು ಜನಕ್ಕೂ ಯೂ. ಹಿಂದೆ ಹೀಗಿರಲಿಲ್ಲ. ಒಬ್ಬನಿಗೆ ದೌ, ಹಲವರಿಗೆ ಯೀ ಅಥವಾ ಯೂ ಎಂದು ನಮ್ಮ ನೀನು, ನೀವು ಇದ್ದಂತೆಯೇ ಇತ್ತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚರ ರಿವಾಜು ನಿಧಾನವಾಗಿ ಒಳಗೆ ಬಂತು. ದೊಡ್ಡವರು ಒಬ್ಬರೇ ಇದ್ದರೂ ಬಹುವಚನದಲ್ಲಿ ಕರೆಯುವುದು ಮರ್ಯಾದೆ ಎಂದಾಯಿತು. ಷೇಕ್ಸ್‌ಪಿಯರನ ಪಾತ್ರಗಳು ಸಿಟ್ಟು ಬಂದಾಗ, ಪ್ರೀತಿ ಉಕ್ಕಿದಾಗ ಯೂ ಬಿಟ್ಟು ದೌ ಎನ್ನುವುದನ್ನು ನಮ್ಮ ಮೇಷ್ಟ್ರು ಗೆರೆ ಎಳೆಸಿ ಓದಿಸುತ್ತಿದ್ದರು. 1603ರಲ್ಲಿ ಸರ್ ವಾಲ್ಟರ್ ರಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಸರ್ಕಾರದ ವಕೀಲ ಎಡ್ವರ್ಡ್ ಕೋಕ್ ಬೇಕೆಂದೇ ಅವನನ್ನು ದೌ ಎಂದು ಏಕವಚನದಲ್ಲಿ ಹಂಗಿಸಿದ. ಅದೇ ಶತಮಾನದಲ್ಲಿ ಕ್ವೇಕರ್ ಪಂಥದವರು ದೇವರ ಮುಂದೆ ಎಲ್ಲರೂ ಸಮ ಎಂದು ನ್ಯಾಯಾಧೀಶರಿಗೂ ದೌ ಅಂದು ಪೆಟ್ಟು ತಿಂದರು. ಬರಬರುತ್ತಾ ಯಾರಿಗೂ ಅವಮಾನವಾಗುವುದು ಬೇಡವೆಂದು ಜನ ಎಲ್ಲರಿಗೂ ಯೂ ಅನ್ನತೊಡಗಿದರು. ಯಾರ್ಕ್‌ಷೈರಿನಂಥ ಕೆಲವು ಕಡೆಯ ಆಡುಮಾತು ಬಿಟ್ಟರೆ ದೌ ಬಾಯಿಂದ ಹೋಗಿ ಬೈಬಲ್ಲಿನಲ್ಲಿ ಉಳಿಯಿತು. ಹಾಗಾಗಿ ಈಗಿನವರಿಗೆ ದೌ ಎಂದರೆ ಬಹಳ ಗೌರವದ ಮಾತೆಂಬ ಭ್ರಮೆ.

ನಾವೂ ನೀನು ಎಂಬುದನ್ನು ಬಿಟ್ಟು ಮಗುವಿಗೂ ನಾಯಿಗೂ ನೀವು ಎಂದರೆ ಏನಾಗುತ್ತಿತ್ತು? ಒಬ್ಬರನ್ನು ಕರೆದದ್ದೋ ಹತ್ತು ಜನರನ್ನೋ ತಿಳಿಯುತ್ತಿರಲಿಲ್ಲ. ಇಂಗ್ಲಿಷಿಗೆ ಆದದ್ದು ಅದೇ. ಆ ತೂತಿಗೆ ಪ್ರತಿಯೊಂದು ಸೀಮೆಯವರೂ ತಮ್ಮ ಕೈಗೆ ಸಿಕ್ಕ ಬಟ್ಟೆಯ ತೇಪೆ ಹಾಕಿಕೊಂಡರು.

ಅಮೆರಿಕದ ದಕ್ಷಿಣ ಸೀಮೆಯವರದು ಯಾಲ್, ಅಂದರೆ ಯೂ ಆಲ್ ಎಂಬುದನ್ನು ಕೂಡಿಸಿ ನುಂಗಿದ್ದು. ಉತ್ತರ ಮತ್ತು ಪಶ್ಚಿಮದವರದು ಯೂ ಗೈಸ್. ನ್ಯೂಯಾರ್ಕ್, ಫಿಲಡೆಲ್ಫಿಯಾ ಕಡೆ ಹಳಬರ ಬಾಯಲ್ಲಿ ಯೂಸ್. ಪಿಟ್ಸ್‌ಬರ್ಗಿನವರದೇ ಒಂದು ಯಿನ್ಜ್ ಇದೆ, ಅದು ಉತ್ತರ ಐರ್ಲೆಂಡಿನಿಂದ ವಲಸೆ ಬಂದವರ ಯೂ ಒನ್ಸ್ ಸವೆದು ಆದದ್ದು ಎನ್ನುತ್ತಾರೆ. ಐರ್ಲೆಂಡಿನವರ ಸ್ವಂತ ಭಾಷೆಯಲ್ಲಿ ಒಬ್ಬನಿಗೆ ಒಂದು ಮಾತು, ಹಲವರಿಗೆ ಇನ್ನೊಂದು ಉಂಟು. ಇಂಗ್ಲಿಷು ಕಲಿತಾಗ ಅದರ ಕೊರತೆ ತಡೆಯಲಾರದೆ ಯೀ, ಯೂಸ್ ಎಂದು ಮಾಡಿಕೊಂಡರು. ಯೂಸ್ ಅಲ್ಲಿಂದ ಲಿವರ್‌ಪೂಲು, ಗ್ಲಾಸ್ಗೋ, ಆಸ್ಟ್ರೇಲಿಯಾವರೆಗೂ ಹೋಗಿದೆ. ಲಂಡನ್ನಿನವರು ಯೂ ಲಾಟ್ ಅಂದಾರು, ಅದರಲ್ಲಿ ಸ್ವಲ್ಪ ಗದರಿಕೆಯೂ ಇರುತ್ತದೆ. ನನ್ನ ಮನಸ್ಸಿಗೆ ನಾಟಿದ್ದು ಜಮೈಕಾದ ಉನು. ಅದು ಇಂಗ್ಲಿಷೇ ಅಲ್ಲ. ಆಫ್ರಿಕದ ಇಗ್ಬೊ ಭಾಷೆಯಲ್ಲಿ ಉನು ಎಂದರೆ ನೀವೆಲ್ಲ. ಗುಲಾಮರಾಗಿ ಹಡಗಿನಲ್ಲಿ ಹೋದವರು ಏನನ್ನೂ ಒಯ್ಯುವಂತಿರಲಿಲ್ಲ, ಆ ಎರಡಕ್ಷರ ಒಯ್ದರು.

2000ದ ದಶಕದ ಮೊದಲಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ನಡೆದ ಸಮೀಕ್ಷೆಯೊಂದರಲ್ಲಿ ಗುಂಪನ್ನು ಏನೆಂದು ಕರೆಯುತ್ತೀರಿ ಎಂಬ ಪ್ರಶ್ನೆ ಇತ್ತು. ಉತ್ತರ ಕೊಟ್ಟ ಅಮೆರಿಕನ್ನರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಜನ ಯೂ ಗೈಸ್ ಎಂದರು, ಯಾಲ್ ಎಂದವರು ಸುಮಾರು 14.

ಗೈಸ್ ವಿಷಯ ಬಂತು, ನಮ್ಮ ಅತ್ತೆಯವರ ಮಾತು ಹೇಳದಿದ್ದರೆ ಆಗದು. ನಮ್ಮ ಮಗನಿಗೆ ಮನೆಮಂದಿಯೆಲ್ಲ ಗೈಸ್. "ಗೈಸ್, ಊಟಕ್ಕ ಬರ್ರಿ" ಎಂದು ಕೂಗುತ್ತಾನೆ. ವಿಜಯಪುರದ ಕಡೆಯಿಂದ ಬಂದು ಐವತ್ತು ವರ್ಷ ಪುಣೆಯಲ್ಲಿ ಕಳೆದ ಅತ್ತೆಯವರ ಕಿವಿಗೆ ಅದು ಮರಾಠಿಯ ಗಾಯ್ ಎಂದು ಕೇಳಿಸಿತ್ತು. "ಏನವಾ, ನಿನ್ನ ಮಗ ನಮ್ಮನ್ನೆಲ್ಲಾ ಆಕಳಾ ಅಂತಾನ?" ಎಂದು ಒಂದು ದಿನ ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಆಕಳಾದರೂ ಪೂಜೆಗೆ ಬರುತ್ತದೆ! ಗೈ ಎಂಬುದರ ಮೂಲ ಗೈ ಫಾಕ್ಸ್, 1605ರಲ್ಲಿ ಲಂಡನ್ನಿನ ಪಾರ್ಲಿಮೆಂಟಿಗೆ ಮದ್ದಿಡಲು ಹೋಗಿ ಸಿಕ್ಕಿಬಿದ್ದವನು. ಪ್ರತಿವರ್ಷ ನವೆಂಬರ್ 5ರಂದು ಅವನ ಹರಕು ಬಟ್ಟೆಯ ಬೊಂಬೆ ಸುಡುತ್ತಿದ್ದರು, ಆ ಬೊಂಬೆಗೆ ಗೈ ಎಂದು ಹೆಸರು. ಆಮೇಲೆ ಅವಲಕ್ಷಣವಾಗಿ ಉಟ್ಟುಕೊಂಡವನೆಲ್ಲ ಗೈ. ಅಮೆರಿಕಕ್ಕೆ ಹೋದ ಮೇಲೆ ಯಾವ ಗಂಡಸಾದರೂ ಗೈ. ಈಗ ಹೆಣ್ಣುಮಕ್ಕಳೂ ಪರಸ್ಪರ ಗೈಸ್ ಎಂದುಕೊಳ್ಳುತ್ತಾರೆ.

ನಮ್ಮ ಕಡೆ ಗುಂಪನ್ನು ಕರೆಯುವುದಕ್ಕೆ ಎಷ್ಟು ಬಗೆ ಇದೆ ನೋಡಿ. ಗಂಡಸರಿದ್ದರೆ ಏನ್ರಪಾ, ಹೆಂಗಸರಿದ್ದರೆ ಏನ್ರವಾ, ಹುಡುಗರಿಗೆ ಏನ್ರೋ, ಹುಡುಗಿಯರಿಗೆ ಏನ್ರೇ. ಪಕ್ಕದ ಮನೆಯ ಕಾಕಾ ಜಗಲಿಗೆ ಬಂದರೆ "ಕಾಯ್ ಮಂಡಳಿ!" ಎಂದೇ ಕೇಳುತ್ತಾರೆ. ಎಲ್ಲ ವಯಸ್ಸಿನವರೂ ಕೂಡಿದ್ದರೆ ನೀವು ಒಂದೇ ಸಾಕು, ಹಿರಿಯರಿಗೆ ಮರ್ಯಾದೆಯಾಗಿ, ಕಿರಿಯರಿಗೆ ಬಹುವಚನವಾಗಿ ಸಲ್ಲುತ್ತದೆ. ಆದರೂ ಮರ್ಯಾದೆಗೆ ಬಳಸಿ ಬಳಸಿ ಅದೂ ಸ್ವಲ್ಪ ಸವೆದಂತಿದೆ. ಸಂಘದ ವೇದಿಕೆಯ ಮೇಲೆ "ನೀವುಗಳೆಲ್ಲರೂ ಸಹಕರಿಸಬೇಕು", ಆಮಂತ್ರಣದಲ್ಲಿ "ತಾವುಗಳು ಆಗಮಿಸಬೇಕು" ಎಂದು ಬಂದಾಗ ಪಂಡಿತರು ಮುಖ ಸಿಂಡರಿಸುತ್ತಾರೆ. ಬಹುವಚನಕ್ಕೆ ಮತ್ತೊಂದು ಬಹುವಚನವೇಕೆ ಎಂದು ನಾನೂ ನಕ್ಕವಳೇ. ಈಗ ಅನಿಸುತ್ತದೆ, ನಮ್ಮ ನೀವುಗಳು ಐರ್ಲೆಂಡಿನ ಯೂಸ್‌ಗೆ ತಂಗಿ.

ನಮ್ಮ ದೇಶದ ಇಂಗ್ಲಿಷಿನ ತೇಪೆ ಯೂ ಪೀಪಲ್. ಮರಾಠಿಯ ತುಮ್ಹೀ ಲೋಕ್, ಹಿಂದಿಯ ಆಪ್ ಲೋಗ್, ಇವುಗಳ ನೇರ ಅನುವಾದ ಅದು. ಅದರಲ್ಲಿ ಅಗೌರವ ಎಳ್ಳಷ್ಟೂ ಇಲ್ಲ, ಮಗನ ಮುಂದೆ ಈ ಮಾತನ್ನು ನಾನು ಬಿಟ್ಟುಕೊಟ್ಟಿಲ್ಲ. ಆದರೆ ಅಮೆರಿಕದಲ್ಲಿ ಆ ಮಾತಿಗೆ ಬೇರೆ ಚರಿತ್ರೆ ಇದೆ. ಬಿಳಿಯರು ಕರಿಯರನ್ನು ದೂರ ನಿಲ್ಲಿಸಿ ಆಡಿದ ಮಾತು ಅದು. 1992ರ ಜುಲೈಯಲ್ಲಿ ಅಧ್ಯಕ್ಷ ಪದವಿಗೆ ನಿಲ್ಲಲು ಹೊರಟಿದ್ದ ರಾಸ್ ಪೆರೋ ಎಂಬ ಕೋಟ್ಯಧೀಶ ನ್ಯಾಶ್‌ವಿಲ್ಲಿನಲ್ಲಿ ಕರಿಯರ ದೊಡ್ಡ ಸಂಘಟನೆಯೊಂದರ ಸಮ್ಮೇಳನದಲ್ಲಿ ಮಾತಾಡುತ್ತಾ ಸಭಿಕರನ್ನು ಯೂ ಪೀಪಲ್ ಎಂದುಬಿಟ್ಟ. ಸಭೆ ಕೆರಳಿತು, ದೇಶದ ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿ. ಕೆನಡಾದಲ್ಲಿ 2019ರ ನವೆಂಬರಿನಲ್ಲಿ ಐಸ್ ಹಾಕಿಯ ಪ್ರಸಿದ್ಧ ವೀಕ್ಷಕ ವಿವರಣೆಗಾರ ಡಾನ್ ಚೆರ್ರಿ ವಲಸೆ ಬಂದವರನ್ನು ಟೀವಿಯಲ್ಲಿ ಯೂ ಪೀಪಲ್ ಎಂದು ಟೀಕಿಸಿ ಎರಡೇ ದಿನದಲ್ಲಿ ಕೆಲಸ ಕಳೆದುಕೊಂಡ.

ಪುಣೆಯ ಮಕ್ಕಳಿಗೆ ಇದನ್ನು ಮರಾಠಿಯಿಂದಲೇ ತಿಳಿಸಬಹುದು. ಗೆಳತಿಯರು "ಆಪಣ್ ಜಾವೂಯಾ" ಎಂದರೆ ನೀವೂ ಸೇರಿ ಹೊರಟಿರಿ. "ಆಮ್ಹೀ ಜಾತೋ" ಎಂದರೆ ಅವರು ಹೋಗುತ್ತಾರೆ, ನೀವು ಉಳಿಯುತ್ತೀರಿ. ತುಳುವಿನಲ್ಲಿ ನಮ, ಎಂಕುಲು ಎಂದು ಇದೇ ಭೇದ ಇದೆ. ಇವತ್ತಿನ ಕನ್ನಡದ ನಾವು ಎಂಬುದರಲ್ಲಿ ಅದಿಲ್ಲ. ನಾನು ಆಪಣ್ ಎಂಬ ಮನಸ್ಸಿನಿಂದ ಹೋಳಿಗೆ ಬಡಿಸಿದೆ, ಆ ಹುಡುಗಿಯ ಕಿವಿಗೆ ಆಮ್ಹೀ ಕೇಳಿಸಿತು.

ಅವಳು ಊರಿಗೆ ಹೊರಡುವ ಮುನ್ನಾದಿನ ಮಗನ ಜೊತೆ ಮನೆಗೆ ಬಂದಳು. ಹೋಳಿಗೆ ಕಟ್ಟಿಕೊಟ್ಟಿದ್ದ ಸ್ಟೀಲ್ ಡಬ್ಬಿ ವಾಪಸು ಕೊಡುವುದಿತ್ತು. ಖಾಲಿ ಡಬ್ಬಿ ಕೊಡಬಾರದೆಂದು ಮಗ ಹೇಳಿದ್ದನಂತೆ, ಚಾಕಲೇಟು ತುಂಬಿ ತಂದಿದ್ದಳು. ನಾನು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟೆ: ಅಂದು ಹಾಗೆ ಅಂದೆ, ನಮ್ಮಲ್ಲಿ ಅದರ ಅರ್ಥ ಹೀಗೆ, ನಿನಗೆ ನೋವಾಗಿದ್ದರೆ ಕ್ಷಮಿಸು. ಅವಳು ನಿಜ ಹೇಳಿದಳು. ಆ ಕ್ಷಣ ಚುಚ್ಚಿತ್ತು, ಎರಡನೇ ಹೋಳಿಗೆಯ ಮೇಲೆ ಇಷ್ಟು ತುಪ್ಪ ಸುರಿದಾಗ ಇದು ಆ ಮಾತಲ್ಲ ಅನ್ನಿಸಿತು ಎಂದಳು. ತನ್ನ ಅಜ್ಜಿ ಒಬ್ಬರೇ ಇದುರಿಗಿದ್ದರೂ ಯಾಲ್ ಅನ್ನುತ್ತಾಳೆ, ಅದು ಆ ಒಬ್ಬರ ಮನೆಮಂದಿಗೆಲ್ಲ ಸೇರಿ ಕೇಳಿದಂತೆ ಎಂದೂ ಹೇಳಿದಳು.

ಬಾಗಿಲಲ್ಲಿ ಅತ್ತೆಯವರು ಕುಂಕುಮ ಹಚ್ಚಿ, "ಮತ್ತ ಬರ್ರಿ" ಅಂದರು. ಆ ಹುಡುಗಿಗೆ ಮಗ ದಾರಿಯಲ್ಲಿ ಸ್ವಲ್ಪ ಕನ್ನಡ ಹೇಳಿಕೊಟ್ಟಿದ್ದ. ರಿ ಎಂದರೆ ಬಹಳ ಜನಕ್ಕಲ್ಲವೇ, ನಾನು ಒಬ್ಬಳೇ ಇದ್ದೇನಲ್ಲ ಎಂದು ಅವಳು ಕೇಳಿದಳು. ಮಗ ಅದನ್ನು ಅಜ್ಜಿಗೆ ಹೇಳಿದ.

"ಒಬ್ಬಾಕಿನ ಯಾಕ ಬರಬೇಕು?" ಅಂದರು ಅತ್ತೆಯವರು. "ಮುಂದಿನ ಸಲ ಆಕಿ ಅಜ್ಜೀನ್ನೂ ಕರಕೊಂಡ ಬಾ ಅನ್ನು."