ಕಣಕ್ಕೆ ಕಾಂಕ್ರೀಟ್ ಹಾಕಿಸ್ತೀರಾ? ಗ್ರಾಫೀನ್ ಕಥೆ ಕೇಳಿ ಸಿಮೆಂಟ್ ಕೊಳ್ಳಿ

ಬೊಮ್ಮನಹಳ್ಳಿ ಹೆಸರಲ್ಲೇ ಹಳ್ಳಿ ಇದೆ, ಆದರೆ ಇವತ್ತು ಅಲ್ಲಿ ರಾಗಿ ಹೊಲ ಹುಡುಕಿದರೂ ಸಿಗಲ್ಲ. ನೆಲದ ಮೇಲೆ ಹೊಸೂರು ರಸ್ತೆ, ಅದರ ಮೇಲೆ 2010ರಲ್ಲಿ ಶುರುವಾದ ಎಲಿವೇಟೆಡ್ ರಸ್ತೆ, ಜೊತೆಗೆ 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಹಳದಿ ಮೆಟ್ರೊ ಮಾರ್ಗ. ಎಲ್ಲವೂ ಕಾಂಕ್ರೀಟೇ. ಇದು ನಗರದ ವಿಷಯ, ನಮಗ್ಯಾಕೆ ಅಂತ ಹೇಳೋ ಹಾಗಿಲ್ಲ. ಹಳ್ಳಿಯಲ್ಲೂ ಈಗ ಕಣ, ಕೊಟ್ಟಿಗೆ ನೆಲ, ನೀರಿನ ತೊಟ್ಟಿ, ಗೋಬರ್ ಗ್ಯಾಸ್ ಗುಂಡಿ ಯಾವುದೂ ಸಿಮೆಂಟ್ ಇಲ್ಲದೆ ಆಗ್ತಿಲ್ಲ.

ಒಂದು ಲೆಕ್ಕ ಹಾಕೋಣ. 30 ಅಡಿ ಉದ್ದ, 30 ಅಡಿ ಅಗಲದ ಕಣಕ್ಕೆ 4 ಇಂಚು ದಪ್ಪ ಕಾಂಕ್ರೀಟ್ ಹಾಕಿಸಿದರೆ 300 ಘನ ಅಡಿ ಆಗುತ್ತೆ. ಮೇಸ್ತ್ರಿಗಳು ಹೇಳುವ ಒಂದಕ್ಕೆ ಎರಡು, ನಾಲ್ಕು ಮಿಶ್ರಣದಲ್ಲಿ ಸುಮಾರು 54 ಚೀಲ ಸಿಮೆಂಟ್ ಬೇಕು. ಏನೂ ಬೆರೆಸದ ಸಾದಾ ಸಿಮೆಂಟ್, ಅಂದರೆ ಓಪಿಸಿ, 50 ಕಿಲೋ ಚೀಲ ಒಂದು ತಯಾರಾಗುವಾಗ ಹತ್ತಿರ ಹತ್ತಿರ 40 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತೆ. ಒಂದು ಕಣಕ್ಕೆ ಎರಡು ಟನ್ ಆಯಿತು!

ಇಷ್ಟೊಂದು ಎಲ್ಲಿಂದ ಬರುತ್ತೆ? ಕಲ್ಲಿದ್ದಲು ಉರಿಸೋದರಿಂದ ಅಂತ ಹೆಚ್ಚಿನವರು ತಿಳಿದಿದ್ದಾರೆ. ಅದು ಅರ್ಧಕ್ಕಿಂತ ಕಡಿಮೆ. ಸುಣ್ಣದ ಕಲ್ಲಿನ ಒಳಗೇ ಇಂಗಾಲ ಅಡಗಿದೆ. ಗೂಡಿನಲ್ಲಿ 1450 ಡಿಗ್ರಿವರೆಗೆ ಕಾಯಿಸಿದಾಗ ಕಲ್ಲು ಒಡೆದು ಸುಣ್ಣ ಉಳಿಯುತ್ತೆ, ಅನಿಲ ಹೊರಗೆ ಹೋಗುತ್ತೆ. ಹಾಗಾಗಿ ಸೋಲಾರ್‌ನಿಂದಲೇ ಗೂಡು ಕಾಯಿಸಿದರೂ ಈ ಭಾಗ ತಪ್ಪಲ್ಲ. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ. 7ರಿಂದ 8 ಸಿಮೆಂಟಿನದು. ಸಿಮೆಂಟ್ ತಯಾರಿಕೆಯಲ್ಲಿ ಚೀನಾ ಬಿಟ್ಟರೆ ನಮ್ಮ ದೇಶವೇ ಮುಂದೆ. ನಮ್ಮ ರಾಜ್ಯದಲ್ಲಿ ಸೇಡಂ, ವಾಡಿ, ಮಳಖೇಡ ಭಾಗದಲ್ಲಿ ಸುಣ್ಣದ ಕಲ್ಲು ಇರೋದು ತೊಗರಿ ಬೆಳೆಯುವ ನೆಲದ ಅಡಿಯಲ್ಲೇ. ಸಿಮೆಂಟ್ ಕಡಿಮೆ ಬಳಸಿದರೆ ಉಳಿಯೋದು ಗಾಳಿ ಮಾತ್ರ ಅಲ್ಲ.

ಈಗ ಗ್ರಾಫೀನ್ ವಿಷಯಕ್ಕೆ ಬರೋಣ. ಪೆನ್ಸಿಲ್ ಕಡ್ಡಿಯಲ್ಲಿರೋದು ಗ್ರಾಫೈಟ್. ಅದು ಇಂಗಾಲದ ಪದರಗಳ ರಾಶಿ, ಈರುಳ್ಳಿ ಸಿಪ್ಪೆ ಇದ್ದ ಹಾಗೆ. ಅದರಲ್ಲಿ ಒಂದೇ ಒಂದು ಪದರ ಬಿಡಿಸಿದರೆ ಅದೇ ಗ್ರಾಫೀನ್. ದಪ್ಪ ಒಂದು ಪರಮಾಣುವಿನಷ್ಟು. 2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಗೀಮ್ ಮತ್ತು ನೊವೊಸೆಲೊವ್ ಇದನ್ನು ಬಿಡಿಸಿದ್ದು ಅಂಟುವ ಟೇಪ್‌ನಿಂದ! 2010ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರದಲ್ಲೂ ಪ್ರೊ. ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು ಗ್ರಾಫೀನ್ ಮೇಲೆ ಕೆಲಸ ಮಾಡಿದ್ದಾರೆ.

ಕಾಂಕ್ರೀಟಿನಲ್ಲಿ ಇದಕ್ಕೇನು ಕೆಲಸ? ಸಿಮೆಂಟಿಗೆ ನೀರು ತಾಗಿದಾಗ ಸಣ್ಣ ಸಣ್ಣ ಹರಳು, ಅಂಟು ಬೆಳೆದು ಮರಳು, ಜಲ್ಲಿಯನ್ನು ಹಿಡಿದುಕೊಳ್ಳುತ್ತೆ. ಹೆಪ್ಪು ಹಾಕಿದ ಹಾಲಿನ ಹಾಗೆ, ಬೆಳೆಯಲು ಒಂದು ಆರಂಭ ಬೇಕು. ಗ್ರಾಫೀನ್ ಹಾಳೆ ಆ ಹೆಪ್ಪಿನ ಕೆಲಸ ಮಾಡುತ್ತೆ. ಹರಳುಗಳು ಅದರ ಮೇಲೆ ಒತ್ತೊತ್ತಾಗಿ ಬೆಳೆದು ಒಳಗಿನ ತೂತುಗಳು ಕಡಿಮೆಯಾಗ್ತವೆ. ತೂತು ಕಡಿಮೆಯಾದರೆ ಬಲವೂ ಹೆಚ್ಚು, ನೀರು ಜಿನುಗೋದೂ ಕಡಿಮೆ. 2018ರಲ್ಲಿ ಎಕ್ಸೆಟರ್ ವಿಶ್ವವಿದ್ಯಾಲಯದವರು ತಮ್ಮ ಪ್ರಯೋಗದಲ್ಲಿ ಭಾರ ತಡೆಯುವ ಶಕ್ತಿ ಶೇ. 146ರಷ್ಟು ಏರಿತು ಎಂದು ಪ್ರಕಟಿಸಿದರು. 2021ರಲ್ಲಿ ಇಂಗ್ಲೆಂಡಿನ ಏಮ್ಸ್‌ಬರಿ ಎಂಬ ಊರಿನ ಒಂದು ಜಿಮ್‌ಗೆ ನಿಜವಾಗಿಯೇ ಗ್ರಾಫೀನ್ ಕಾಂಕ್ರೀಟ್ ನೆಲ ಹಾಕಿದರು. ಕಾಂಕ್ರೀಟ್ ಸುಮಾರು ಶೇ. 30 ಕಡಿಮೆ ಸಾಕಾಯಿತು ಎಂದು ಮಾಡಿದವರ ಹೇಳಿಕೆ.

ನಮ್ಮ ಕಣಕ್ಕೂ ಅದೇ ಲೆಕ್ಕ ಹಿಡಿದರೆ 54 ಚೀಲದಲ್ಲಿ 16 ಚೀಲ ಉಳಿಯುತ್ತೆ. ಚೀಲಕ್ಕೆ 380 ರೂಪಾಯಿ ಅಂದುಕೊಂಡರೆ 6,000 ರೂಪಾಯಿ. ಆಸೆ ಹುಟ್ಟೋದು ಸಹಜ.

ಆದರೆ ಸ್ವಲ್ಪ ತಾಳಿ. ಪ್ರಯೋಗಾಲಯದ ಅಂಕಿ ಬೇರೆ, ಮೇಸ್ತ್ರಿ ಗುದ್ದಲಿಯಲ್ಲಿ ಕಲಸುವ ಕಾಂಕ್ರೀಟ್ ಬೇರೆ. ಗ್ರಾಫೀನ್ ಬೇಕಾಗೋದು ಸಿಮೆಂಟಿನ ತೂಕದ ಸಾವಿರದಲ್ಲಿ ಒಂದು ಪಾಲು, ಅದಕ್ಕಿಂತ ಕಡಿಮೆಯೂ ಇರಬಹುದು. ಒಂದು ಚೀಲಕ್ಕೆ 50 ಗ್ರಾಂ ಒಳಗೆ ಅಂತ ಇಟ್ಟುಕೊಳ್ಳಿ. ಆ ಚಿಟಿಕೆ ಪುಡಿ ಇಡೀ ಮಿಶ್ರಣಕ್ಕೆ ಸಮನಾಗಿ ಹರಡಬೇಕು. ಆದರೆ ಗ್ರಾಫೀನ್ ಹಾಳೆಗಳಿಗೆ ಒಂದಕ್ಕೊಂದು ಅಂಟಿಕೊಳ್ಳುವ ಚಾಳಿ. ರಾಗಿ ಮುದ್ದೆಯಲ್ಲಿ ಗಂಟು ಕಟ್ಟಿದ ಹಾಗೆ ಗಂಟಾದರೆ ಲಾಭದ ಬದಲು ಆ ಜಾಗವೇ ದುರ್ಬಲವಾಗುತ್ತೆ. ಅದಕ್ಕೇ ಇದನ್ನು ಮೊದಲೇ ನೀರಿನಲ್ಲಿ ಅಥವಾ ಅಡ್‌ಮಿಕ್ಸ್ಚರ್‌ನಲ್ಲಿ ಹದವಾಗಿ ಬೆರೆಸಿ ಕೊಡಬೇಕು, ಅದು ರೆಡಿಮಿಕ್ಸ್ ಪ್ಲಾಂಟಿನಲ್ಲಿ ಆಗುವ ಕೆಲಸ. ಯಾರಾದರೂ ಡಬ್ಬಿಯಲ್ಲಿ ಕಪ್ಪು ಪುಡಿ ತಂದು ‘ಗ್ರಾಫೀನ್, ನ್ಯಾನೊ’ ಅಂತ ಹೇಳಿ ಸಿಮೆಂಟ್ ಅರ್ಧ ಸಾಕು ಅಂದರೆ ದುಡ್ಡು ಕೊಡಬೇಡಿ. ಅದೇ ಪುಡಿ ಹಾಕಿ ಮಾಡಿದ ಕಾಂಕ್ರೀಟ್ ಕ್ಯೂಬ್‌ನ 28 ದಿನದ ಪರೀಕ್ಷೆಯ ವರದಿ ತೋರಿಸಿ ಅಂತ ಕೇಳಿ. ನೀರಿನ ತೊಟ್ಟಿ ಬಿರುಕು ಬಿಟ್ಟ ಮೇಲೆ ಕೇಳಿ ಪ್ರಯೋಜನ ಇಲ್ಲ.

ಹಾಗಾದರೆ ಈಗ ನಮ್ಮ ಕೈಯಲ್ಲಿ ಏನಿದೆ? ತುಂಬಾ ಇದೆ. ಅಂಗಡಿಯಲ್ಲಿ ಸಿಗುವ ಪಿಪಿಸಿ ಸಿಮೆಂಟಿನಲ್ಲಿ ಶೇ. 15ರಿಂದ 35ರವರೆಗೆ ಹಾರುಬೂದಿ ಇರುತ್ತೆ. ರಾಯಚೂರಿನಂಥ ಶಾಖೋತ್ಪನ್ನ ಕೇಂದ್ರಗಳಲ್ಲಿ ಕಲ್ಲಿದ್ದಲು ಉರಿದು ಉಳಿಯುವ ಬೂದಿಯೇ ಅದು. ಸ್ಲ್ಯಾಗ್ ಸಿಮೆಂಟಿನಲ್ಲಿ ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಯ ಕಿಟ್ಟ ಇರುತ್ತೆ. ಎರಡರಲ್ಲೂ ಸುಟ್ಟ ಸುಣ್ಣದ ಕಲ್ಲಿನ ಪಾಲು ಕಡಿಮೆ, ಬೆಲೆ ಹೆಚ್ಚಲ್ಲ. ಗೊಬ್ಬರ, ಗಂಜಲ ಬೀಳುವ ಕೊಟ್ಟಿಗೆ ನೆಲಕ್ಕಂತೂ ಇವೇ ಒಳ್ಳೇದು ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ನಿಧಾನಕ್ಕೆ ಗಟ್ಟಿಯಾದರೂ ಕೊನೆಗೆ ಒತ್ತಾಗಿ ಕೂರುತ್ತವೆ. ಒಂದೇ ಷರತ್ತು, ಕ್ಯೂರಿಂಗ್ ಕನಿಷ್ಠ 10 ದಿನ ಬೇಕು. ಬೇಸಿಗೆಯ ಒಣ ಹವೆಯಲ್ಲಿ 14 ದಿನ. ಮೂರು ದಿನ ನೀರು ಹಾಕಿ ಬಿಟ್ಟರೆ ಯಾವ ಗ್ರಾಫೀನೂ ಕಾಪಾಡಲ್ಲ.

ನೀರಿನ ಅಳತೆ ಇನ್ನೂ ಮುಖ್ಯ. ಒಂದು ಚೀಲಕ್ಕೆ 25 ಲೀಟರ್ ಆಸುಪಾಸು ಸಾಕು, ಮರಳು ಒದ್ದೆ ಇದ್ದರೆ ಇನ್ನೂ ಕಡಿಮೆ. ಸಲೀಸಾಗಿ ಹರಡಲಿ ಅಂತ ಕೊಡಗಟ್ಟಲೆ ನೀರು ಸುರಿಯೋರು ಬಹಳ ಜನ. ಹೆಚ್ಚಿನ ನೀರು ಆವಿಯಾಗಿ ಹೋದ ಜಾಗದಲ್ಲಿ ತೂತು ಉಳಿಯುತ್ತೆ, ಗ್ರಾಫೀನ್ ಹಾಕಿ ಮುಚ್ಚಬೇಕು ಅಂತ ವಿಜ್ಞಾನಿಗಳು ಒದ್ದಾಡ್ತಿರೋ ತೂತೇ ಅದು! ಮೂರು ತಿಂಗಳು ಮೂಲೆಯಲ್ಲಿಟ್ಟ ಚೀಲಗಳನ್ನೂ ತೊಟ್ಟಿಗೆ ಬಳಸಬೇಡಿ.

ಗಂಗಾವತಿ, ಸಿಂಧನೂರು ಕಡೆ ರೈಸ್ ಮಿಲ್‌ಗಳಲ್ಲಿ ಭತ್ತದ ಹೊಟ್ಟಿನ ಬೂದಿ ರಾಶಿ ಬೀಳುತ್ತೆ. ಅದರಲ್ಲಿ ಶೇ. 85ಕ್ಕೂ ಹೆಚ್ಚು ಸಿಲಿಕಾ. ಹದವಾದ ಶಾಖದಲ್ಲಿ, 700 ಡಿಗ್ರಿ ಒಳಗೆ ಸುಟ್ಟು ನುಣ್ಣಗೆ ಅರೆದರೆ ಸಿಮೆಂಟಿನ ಒಂದು ಪಾಲಿಗೆ ಬದಲಿಯಾಗುತ್ತೆ. ಬಾಯ್ಲರ್‌ನಿಂದ ಬಂದದ್ದನ್ನು ಹಾಗೇ ತಂದು ಸುರಿದರೆ ಮಾತ್ರ ಕೆಲಸ ಕೆಡುತ್ತೆ. ಕಾಫಿ ಬೆಳೆಗಾರರಿಗೂ ಒಂದು ಸುದ್ದಿ ಇದೆ. 2023ರಲ್ಲಿ ಆಸ್ಟ್ರೇಲಿಯಾದ ಆರ್‌ಎಂಐಟಿ ವಿಶ್ವವಿದ್ಯಾಲಯದವರು ಬಳಸಿ ಬಿಟ್ಟ ಕಾಫಿ ಚರಟವನ್ನು 350 ಡಿಗ್ರಿಯಲ್ಲಿ ಗಾಳಿಯಿಲ್ಲದೆ ಇದ್ದಿಲು ಮಾಡಿ, ಮರಳಿನ ಒಂದು ಪಾಲಿಗೆ ಬದಲಾಗಿ ಹಾಕಿದಾಗ ಕಾಂಕ್ರೀಟ್ ಸುಮಾರು ಶೇ. 30 ಗಟ್ಟಿಯಾಯಿತು.

ಗೋಡೆಗಂತೂ ಇಷ್ಟೆಲ್ಲ ಬೇಡ. ಅಸ್ತ್ರ ಒಲೆ ನೆನಪಿದೆಯಲ್ಲ? 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ಅದೇ ಅಸ್ತ್ರ ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಒತ್ತು ಮಣ್ಣಿನ ಇಟ್ಟಿಗೆಯನ್ನು ಹದಗೊಳಿಸಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ಗ್ರಾಮ ಕೇಂದ್ರ ಇತ್ತು. ಮರಳು ಹೆಚ್ಚಿರುವ ಕೆಂಪು ಮಣ್ಣಿಗೆ ಶೇ. 6ರಿಂದ 8 ಸಿಮೆಂಟ್ ಬೆರೆಸಿ ಕೈ ಯಂತ್ರದಲ್ಲಿ ಒತ್ತಿ, ಹುಲ್ಲು ಮುಚ್ಚಿ ಮೂರ್ನಾಲ್ಕು ವಾರ ನೀರು ಚಿಮುಕಿಸಿದರೆ ಆಯಿತು, ಗೂಡೂ ಬೇಡ, ಸೌದೆಯೂ ಬೇಡ. ಮಣ್ಣು ಜಿಗುಟಾಗಿದ್ದರೆ ಕ್ವಾರಿ ಪುಡಿ ಸೇರಿಸಬೇಕು. ಎರೆ ಮಣ್ಣಿನವರು ಬರೀ ಸಿಮೆಂಟ್ ನಂಬಬೇಡಿ, ಅದಕ್ಕೆ ಸುಣ್ಣವೂ ಬೇಕು. ಕೊಟ್ಟಿಗೆ, ಪಂಪ್ ಮನೆ, ಉಗ್ರಾಣ ಕಟ್ಟುವವರು ಮೇಲ್ಮಣ್ಣನ್ನು ಹೊಲಕ್ಕೆ ಬಿಟ್ಟು, ಒಂದೆರಡು ಅಡಿ ಕೆಳಗಿನ ಮಣ್ಣನ್ನೇ ತೆಗೆದು ಮೊದಲು ಹತ್ತು ಇಟ್ಟಿಗೆ ಒತ್ತಿ, ನಾಲ್ಕು ವಾರ ಕಳೆದ ಮೇಲೆ ಒಂದು ಇಡೀ ದಿನ ನೀರಲ್ಲಿ ಮುಳುಗಿಸಿಟ್ಟು ನೋಡಿ. ಅಂಚು ಕರಗದೆ ಉಳಿದರೆ ಮಿಕ್ಕದ್ದಕ್ಕೆ ಕೈ ಹಾಕಿ.