ಮದ್ಯತ್ಯಾಗವೆಂಬ ಮೂಲಗುಣ

ಆಚಾರ್ಯ ಸಮಂತಭದ್ರರು ‘ರತ್ನಕರಂಡ ಶ್ರಾವಕಾಚಾರ’ದಲ್ಲಿ ಗೃಹಸ್ಥನ ಅಷ್ಟಮೂಲಗುಣಗಳನ್ನು ಹೇಳುವಾಗ ಐದು ಅಣುವ್ರತಗಳೊಡನೆ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಸೇರಿಸಿದ್ದಾರೆ. ಅಮಲು ವಿವೇಕವನ್ನು ಮಸುಕಾಗಿಸುತ್ತದೆ. ಎಚ್ಚರ ತಪ್ಪಿದವನಿಂದ ಹಿಂಸೆ ತಪ್ಪದು. ಆ ಹಿಂಸೆಗೆ ಮೊದಲು ಗುರಿಯಾಗುವುದು ಅವನದೇ ದೇಹ. ಯಕೃತ್ತು ಕೆಡುತ್ತದೆ, ನರಗಳು ಸೊರಗುತ್ತವೆ. ಜೊತೆಗೆ ಮನೆಯವರ ನೆಮ್ಮದಿಯೂ ಹಾಳಾಗುತ್ತದೆ.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧ ಜಾರಿಗೆ ಬಂದಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಆಸುಪಾಸಿನಲ್ಲಿ, ಕೋಲಾರದಲ್ಲಿ ಹಾಗೂ ತಮಿಳುನಾಡಿನ ಗಡಿಯಲ್ಲಿ ಮೆಥನಾಲ್ ಬೆರೆತ ಕಳ್ಳಬಟ್ಟಿ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಶಾಸನವು ಅಂಗಡಿಯನ್ನು ಮುಚ್ಚಿಸಬಲ್ಲದು. ಬಯಕೆಯನ್ನು ನಿಗ್ರಹಿಸಲು ವ್ರತವೇ ಬೇಕು.

ಬಹುಕಾಲ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಅಪಸ್ಮಾರ ಕಾಣಿಸಬಹುದು. ಆದ್ದರಿಂದ ಅಂಥವರು ವ್ರತಸಂಕಲ್ಪದೊಡನೆ ವೈದ್ಯರ ನೆರವನ್ನೂ ಪಡೆಯಬೇಕು. ಅವರನ್ನು ಹೀಗಳೆಯದೆ ಕೈಹಿಡಿದು ನಡೆಸುವುದು ಬಂಧುಗಳ ಪಾಲಿನ ಅಹಿಂಸೆ.